‘ನಿಮ್ಮ ಇಂಗ್ಲಿಷ್‌ನಲ್ಲಿ ಎಂಟಿಐ ಜಾಸ್ತಿ’ ಅಂದ್ರೆ ಏನು?

ಈ ವಾರ ಗೆಸ್ಟ್ ಇಲ್ಲ, ನಾನೊಬ್ಬನೇ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೆ ಆಡಿಯೋ ಇದೆ, ಓದೋರಿಗೆ ಈ ಬರಹ. ಮಾತಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೀನಿ. ಕೆಲವು ಉಚ್ಚಾರಣೆಗಳನ್ನ ಅಕ್ಷರದಲ್ಲಿ ಹಿಡಿಯೋದು ಕಷ್ಟ, ಅಲ್ಲಿ ಆಡಿಯೋನೇ ಕೇಳಿ.

ಬಿ.ಕಾಂ. ಮುಗಿದ ಬೇಸಿಗೆಯಲ್ಲಿ ನಾನು ಬೆಂಗಳೂರಿನ ಒಂದು ಬಿಪಿಓ ಕಂಪನಿಯ ವಾಕಿನ್ ಇಂಟರ್‌ವ್ಯೂಗೆ ಹೋಗಿದ್ದೆ. ವಾಯ್ಸ್ ಪ್ರೋಸೆಸ್, ಅಂದ್ರೆ ಫೋನಲ್ಲಿ ಮಾತಾಡೋ ಕೆಲಸ. ಮಂಡ್ಯದಿಂದ ಬೆಳಗಿನ ಟ್ರೈನು ಹತ್ತಿ, ಇಸ್ತ್ರಿ ಮಾಡಿದ ಶರ್ಟು ಸುಕ್ಕಾಗಬಾರದು ಅಂತ ದಾರಿಪೂರ್ತಿ ನಿಂತ್ಕೊಂಡೇ ಬಂದಿದ್ದೆ. ಲೆಕ್ಕದ ರೌಂಡು ಪಾಸು. ಎರಡನೇ ರೌಂಡಲ್ಲಿ ಒಂದು ಪ್ಯಾರಾ ಓದಿಸಿದ್ರು, ಆಮೇಲೆ ಒಂದು ಫೋನ್ ನಂಬರ್ ಓದಿಸಿದ್ರು. ಮೂರು ನಿಮಿಷ ಆಗಿರಬಹುದು. ‘ಥ್ಯಾಂಕ್ಯೂ, ತಿಳಿಸ್ತೀವಿ’ ಅಂದ್ರು. ಎದುರಿಗಿದ್ದ ಫಾರಂ ನನಗೆ ತಲೆಕೆಳಗಾಗಿ ಕಾಣ್ತಿತ್ತು. ಅದರಲ್ಲಿ ‘ಎಂಟಿಐ: ಹೈ’ ಅಂತ ಬರೆದಿತ್ತು.

ಎಂಟಿಐ ಅಂದ್ರೆ ಏನೋ ಮೆಡಿಕಲ್ ಟೆಸ್ಟ್ ಇರಬೇಕು ಅಂದ್ಕೊಂಡೆ. ಹೊರಗೆ ಕೂತಿದ್ದ ಒಬ್ಬ ಹಳಬ ಬಿಡಿಸಿ ಹೇಳಿದ: ಮದರ್ ಟಂಗ್ ಇನ್‌ಫ್ಲುಯೆನ್ಸ್. ಅಂದ್ರೆ ನನ್ನ ಇಂಗ್ಲಿಷಲ್ಲಿ ನನ್ನ ತಾಯಿನುಡಿ ಕೇಳಿಸ್ತಿದೆ ಅಂತ. ವಾಪಸ್ ಬರೋವಾಗ ಟ್ರೈನಲ್ಲಿ ಸೀಟು ಸಿಕ್ತು. ಶರ್ಟು ಸುಕ್ಕಾದ್ರೂ ಪರವಾಗಿಲ್ಲ ಅನ್ನಿಸ್ತು.

ಆ ಫಾರಂನಲ್ಲಿ ಬರೆದಿದ್ದು ಸುಳ್ಳಲ್ಲ, ನನ್ನ ಇಂಗ್ಲಿಷಲ್ಲಿ ಕನ್ನಡ ಕೇಳಿಸುತ್ತೆ. ಎಲ್ಲಿ ಅಂತ ಹೇಳ್ತೀನಿ. ನೀವೀಗ ‘ಎಂಟು’ ಅಂತ ಜೋರಾಗಿ ಹೇಳಿ. ‘ಯೆಂಟು’ ಅಂದ್ರಿ ತಾನೇ? ‘ಒಂದು’ ಹೇಳಿ. ‘ವೊಂದು’. ಬರೆಯೋದು ಎ ಮತ್ತು ಒ, ಆದ್ರೆ ಪದದ ಮೊದಲಲ್ಲಿ ಅವು ಬಂದಾಗ ನಮ್ಮ ಬಾಯಿ ಒಂದು ಸಣ್ಣ ಯ, ಒಂದು ಸಣ್ಣ ವ ಸೇರಿಸಿಬಿಡುತ್ತೆ. ಕನ್ನಡದಲ್ಲಿ ಇದು ತಪ್ಪಲ್ಲ, ಯಾರ ಕಿವಿಗೂ ಬೀಳೋದೂ ಇಲ್ಲ. ಅದೇ ಬಾಯಿ ಇಂಗ್ಲಿಷ್ ಮಾತಾಡಿದಾಗ ‘ಏಯ್ಟ್’ ಹೋಗಿ ‘ಯೇಯ್ಟ್’, ‘ಓನ್ಲಿ’ ಹೋಗಿ ‘ವೋನ್ಲಿ’ ಆಗುತ್ತೆ. ನನಗೆ ಕೊಟ್ಟ ಫೋನ್ ನಂಬರಲ್ಲಿ ಎಷ್ಟು ಎಂಟಿತ್ತೋ ದೇವರಿಗೇ ಗೊತ್ತು.

ಇಂಥವು ಇನ್ನೂ ಇವೆ. ನಮಗೆ ಇರೋದು ಒಂದೇ ವ. ಇಂಗ್ಲಿಷ್‌ನಲ್ಲಿ ಎರಡು: ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ನಾವು ಎರಡಕ್ಕೂ ನಡುವಿನದೊಂದು ವ ಬಳಸಿ ಕೈ ತೊಳ್ಕೊಳ್ತೀವಿ. ಝೀರೋ ನಮ್ಮ ಬಾಯಲ್ಲಿ ಜೀರೋ. ಪದ ಸ್ವರದಲ್ಲಿ ಮುಗಿದ್ರೇನೇ ಕನ್ನಡಕ್ಕೆ ಸಮಾಧಾನ, ಅದಕ್ಕೇ ಬಸ್ಸು, ಕಾರು, ರೋಡು, ಕಾಲೇಜು. ಇನ್ನು ಟ, ಡ. ಇಂಗ್ಲಿಷರು ಇವನ್ನ ನಾಲಗೆ ತುದಿಯಿಂದ ಹಲ್ಲಿನ ಹಿಂದಿನ ದಿಬ್ಬಕ್ಕೆ ಮುಟ್ಟಿಸಿ ಹೇಳ್ತಾರೆ. ನಾವು ನಾಲಗೆಯನ್ನ ಹಿಂದಕ್ಕೆ ಮಡಚ್ತೀವಿ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಬಹುಪಾಲು ಜನ ಮಡಚೋರೇ, ಅದಕ್ಕೇ ಹೊರಗಿನವರಿಗೆ ನಾವೆಲ್ಲ ಒಂದೇ ಥರ ‘ಇಂಡಿಯನ್’ ಅಂತ ಕೇಳಿಸೋದು.

ಒಳಗೆ ಮಾತ್ರ ಒಬ್ಬರನ್ನ ನೋಡಿ ಇನ್ನೊಬ್ಬರು ನಗ್ತೀವಿ. ನಮ್ಮಜ್ಜಿ ‘ಇಸ್ಕೂಲು’ ಅಂತಿದ್ರು. ಉತ್ತರ ಪ್ರದೇಶ, ಬಿಹಾರದಿಂದ ಬಂದ ಗೆಳೆಯರೂ ‘ಇಸ್ಕೂಲ್’ ಅಂತಾರೆ, ಸ್ಪೇನಿನವರೂ ಹೆಚ್ಚುಕಡಿಮೆ ಹಾಗೇ ಅಂತಾರೆ. ಪದದ ಮೊದಲಲ್ಲೇ ಎರಡು ವ್ಯಂಜನ ಒತ್ತಾಗಿ ಬಂದ್ರೆ ಮುಂದೊಂದು ಸ್ವರ ಇಟ್ಟು ಮೆಟ್ಟಿಲು ಮಾಡ್ಕೊಳ್ಳೋದು ಅಷ್ಟೇ. ಆದ್ರೆ ಸ್ಪೇನಿನವರು ಅಂದಾಗ ಅದು ‘ಕ್ಯೂಟ್’. ಅಜ್ಜಿ ಅಂದಾಗ?

ಸರಿ, ತಾಯಿನುಡಿ ಕೇಳಿಸುತ್ತೆ ಅಂತ ಒಪ್ಪಿದ್ದಾಯ್ತು. ಕೇಳಿಸಿದ್ರೆ ಅದಕ್ಕೆ ಮಾರ್ಕ್ಸ್ ಯಾಕೆ ಕಡಿಮೆ? ಒಂದು ಶಬ್ದ ಚೆಂದ, ಇನ್ನೊಂದು ಶಬ್ದ ಒರಟು ಅಂತ ಶಬ್ದದೊಳಗೇ ಏನಾದ್ರೂ ಇದೆಯಾ? ಇದಕ್ಕೆ ನನಗೆ ಸಿಕ್ಕ ಒಳ್ಳೇ ಉತ್ತರ ನ್ಯೂಯಾರ್ಕಿನ ಬಟ್ಟೆ-ಚಪ್ಪಲಿ ಅಂಗಡಿಗಳದ್ದು.

1962. ವಿಲಿಯಂ ಲಬೋವ್ ಅನ್ನೋ ಭಾಷಾವಿಜ್ಞಾನಿ. ಅವರು ಮೂರು ಡಿಪಾರ್ಟ್‌ಮೆಂಟ್ ಸ್ಟೋರ್ ಆರಿಸ್ಕೊಂಡ್ರು: ಶ್ರೀಮಂತರು ಹೋಗೋ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೇ ಮಹಡೀಲಿ ಏನು ಸಿಗುತ್ತೆ ಅಂತ ಮೊದಲೇ ತಿಳ್ಕೊಂಡು, ಅಲ್ಲಿನ ನೌಕರರ ಹತ್ತಿರ ಹೋಗಿ ‘ಅದು ಎಲ್ಲಿದೆ’ ಅಂತ ಕೇಳೋದು. ಉತ್ತರ ‘ಫೋರ್ತ್ ಫ್ಲೋರ್’ ಅಂತಲೇ ಬರಬೇಕು. ಕೇಳಿಸದವರ ಹಾಗೆ ಮುಂದಕ್ಕೆ ಬಾಗಿ ‘ಏನಂದ್ರಿ?’ ಅನ್ನೋದು. ಆ ಮನುಷ್ಯ ಈ ಸಲ ಹುಷಾರಾಗಿ ಇನ್ನೊಂದು ಸಲ ‘ಫೋರ್ತ್ ಫ್ಲೋರ್’ ಅಂತಾನೆ. ಲಬೋವ್ ಮರೆಗೆ ಹೋಗಿ ಬರ್ಕೊಳ್ತಾರೆ: ಆ ಎರಡು ಪದಗಳಲ್ಲಿ ರ್ ಕೇಳಿಸ್ತಾ, ಇಲ್ಲ ನುಂಗಿದ್ರಾ? ಹೀಗೆ 264 ಜನ. ಮೈಕ್ ಇಲ್ಲ, ಗೂಗಲ್ ಫಾರ್ಮ್ ಇಲ್ಲ. ಇಂಥ ರಿಸರ್ಚ್ ಅಂದ್ರೆ ನನಗೆ ತುಂಬಾ ಇಷ್ಟ.

ಸ್ಯಾಕ್ಸ್‌ನಲ್ಲಿ 62 ಪರ್ಸೆಂಟ್ ಜನ ಒಂದು ಸಲವಾದ್ರೂ ರ್ ಹೇಳಿದ್ರು, ಮೇಸೀಸ್‌ನಲ್ಲಿ 51, ಕ್ಲೈನ್‌ನಲ್ಲಿ 20. ಮೂರೂ ಕಡೆ ಮಾತಾಡಿದವರು ಅಂಗಡಿ ನೌಕರರೇ, ಮಾಲೀಕರಲ್ಲ. ಬರೋ ಗಿರಾಕಿಯ ಅಂತಸ್ತು ನೌಕರನ ನಾಲಗೆಗೆ ಬಂದು ಕೂತಿತ್ತು. ಇನ್ನೂ ಒಂದಿದೆ. ‘ಏನಂದ್ರಿ’ ಅಂತ ಮತ್ತೆ ಕೇಳಿದಾಗ ರ್ ಎದ್ದು ಕಾಣೋ ಹಾಗೆ ಹೆಚ್ಚಾಗಿದ್ದು ನಡುವಿನ ಮೇಸೀಸ್‌ನಲ್ಲಿ. ಮೇಲಿನ ಅಂಗಡಿಯವರು ಎರಡು ಸಲವೂ ಹೆಚ್ಚುಕಡಿಮೆ ಒಂದೇ ಥರ ಹೇಳಿದ್ರು, ಅವರಿಗೆ ಅಳುಕಿಲ್ಲ. ಹೇಗೆ ಮಾತಾಡಬೇಕು ಅಂತ ಗೊತ್ತಿದ್ದು, ಆಡ್ತಿದ್ದೀನಾ ಇಲ್ವಾ ಅಂತ ಒಳಗೊಳಗೇ ಚೆಕ್ ಮಾಡ್ಕೊಳ್ಳೋರು ನಡುವಿನವರು. ಇಂಟರ್‌ವ್ಯೂ ರೂಮಲ್ಲಿದ್ದ ನಾನು.

ಈಗ ಅಟ್ಲಾಂಟಿಕ್ ದಾಟಿ. ಇಂಗ್ಲೆಂಡಿನ ದೊಡ್ಡ ಮನೆತನದವರ, ಹಳೇ ಬಿಬಿಸಿಯ ಇಂಗ್ಲಿಷ್‌ನಲ್ಲಿ ಅದೇ ರ್ ನುಂಗೋದೇ ದೊಡ್ಡಸ್ತಿಕೆ: ‘ಕಾ’, ‘ಫೋತ್ ಫ್ಲೋ’. ಗಟ್ಟಿಯಾಗಿ ರ್ ಹೇಳೋದು ನೈಋತ್ಯ ಇಂಗ್ಲೆಂಡಿನ ಹಳ್ಳಿಗಾಡಿನವರು. ಸಿನಿಮಾದಲ್ಲಿ ರೈತನ ಪಾತ್ರಕ್ಕೆ, ಕಡಲ್ಗಳ್ಳನ ಪಾತ್ರಕ್ಕೆ ಆ ಉಚ್ಚಾರಣೆ ಕೊಡ್ತಾರೆ. ಅಂದ್ರೆ ಒಂದೇ ಶಬ್ದ, ನ್ಯೂಯಾರ್ಕಲ್ಲಿ ಸೂಟು, ಲಂಡನ್ನಲ್ಲಿ ಗೋಣಿಚೀಲ. ನ್ಯೂಯಾರ್ಕಲ್ಲೂ ಎರಡನೇ ಮಹಾಯುದ್ಧಕ್ಕೆ ಮುಂಚೆ ರ್ ನುಂಗೋರಿಗೇ ಮರ್ಯಾದೆ ಇತ್ತು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಾಗೇ ಮಾತಾಡ್ತಿದ್ರು. ಆಮೇಲೆ ಅದು ತಿರುಗಿತು. ನಾಲಗೆ ಮಾಡೋ ಕೆಲಸ ಮೊದಲಿನದ್ದೇ, ಮರ್ಯಾದೆ ಯಾರಿಗೆ ಅನ್ನೋದು ಬದಲಾಯ್ತು.

ಬರೆದಿರೋ ರ್ ಅನ್ನ ಒಂದೂ ಬಿಡದೆ ಹೇಳೋ ನಾವು ಕನ್ನಡದವರು ಈ ಲೆಕ್ಕದಲ್ಲಿ ನ್ಯೂಯಾರ್ಕಿಗೆ ಸಾಹುಕಾರರು, ಲಂಡನ್ನಿಗೆ ಹಳ್ಳಿಯವರು. ಯಾವ ಟಿಕೆಟ್ ಬೇಕೋ ಬುಕ್ ಮಾಡಿ.

ಲಂಡನ್ನಿನ ಇನ್ನೊಂದು ಶಬ್ದದ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಅದು ನಮ್ಮನೆಗೇ ಬರುತ್ತೆ. ಹ. ಪೂರ್ವ ಲಂಡನ್ನಿನ ಕೂಲಿ ಕೆಲಸದವರು ಹ ಬಿಡ್ತಾರೆ ಅಂತ ಆಡ್ಕೊಳ್ಳೋದು ಹಳೇ ಚಾಳಿ: ಹೌಸ್ ಅಲ್ಲ ‘ಔಸ್’, ಹಾಸ್ಪಿಟಲ್ ಅಲ್ಲ ‘ಆಸ್ಪಿಟಲ್’. ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕ ಹೂ ಮಾರೋ ಹುಡುಗಿಯೊಬ್ಬಳ ಉಚ್ಚಾರಣೆ ತಿದ್ದಿ ಅವಳನ್ನ ದೊಡ್ಡ ಮನೆಯವಳು ಅಂತ ನಂಬಿಸೋ ಕತೆ. ಅದರಿಂದ ಬಂದ 1964ರ ‘ಮೈ ಫೇರ್ ಲೇಡಿ’ ಸಿನಿಮಾದಲ್ಲಿ ಪ್ರೊಫೆಸರ್ ಅವಳನ್ನ ಒಂದು ಜ್ವಾಲೆ ಮುಂದೆ ಕೂರಿಸಿ ಹ ಇರೋ ಪದಗಳನ್ನ ಹೇಳಿಸ್ತಾನೆ. ಹ ಸರಿಯಾಗಿ ಬಂದ್ರೆ ಜ್ವಾಲೆ ಅಲುಗಬೇಕು.

ಮಂಡ್ಯ, ಮೈಸೂರು, ಹಾಸನದ ಕಡೆಯ ಹುಡುಗರಿಗೆ ಇದು ಯಾವ ಕತೆ ಅಂತ ಹೇಳಬೇಕಾಗಿಲ್ಲ. ‘ಆಸನಕ್ಕೆ ಓಗಿದ್ದೆ’, ‘ಆಲು ತತ್ತಾ’. ‘ಅಕಾರ ಹಕಾರ ಬರಲ್ಲ’ ಅಂತ ನಗಿಸೋದು ನಮ್ಮ ಸಿನಿಮಾ ಕಾಮಿಡಿಗೆ ಸುಲಭದ ದಾರಿ. ನನಗೆ ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು ಸ್ಕೇಲಿನಿಂದ ಹ ಕಲಿಸಿದ್ರು, ಜ್ವಾಲೆ ಇರಲಿಲ್ಲ ಅಷ್ಟೇ.

ಈ ಹ ಅನ್ನೋದು ಬಂದಿದ್ದಾದ್ರೂ ಎಲ್ಲಿಂದ ಅಂತ ನೋಡಿ. ಹಳಗನ್ನಡದಲ್ಲಿ ಹಾಲು ಅಂತ ಇರಲಿಲ್ಲ, ‘ಪಾಲ್’ ಇತ್ತು. ಹುಲಿ ಆಗ ‘ಪುಲಿ’. ತಮಿಳಲ್ಲಿ ಇವತ್ತಿಗೂ ಪಾಲ್, ಪುಲಿ. ನಡುಗನ್ನಡಕ್ಕೆ ಬರೋ ಹೊತ್ತಿಗೆ ಪದದ ಮೊದಲಿನ ಪ ಸಡಿಲಾಗಿ ಹ ಆಯ್ತು. ತುಟಿ ಮುಚ್ಚೋ ಕೆಲಸ ಬಿಟ್ಟು ಬರೀ ಉಸಿರು ಉಳೀತು. ನಮ್ಮ ಕಡೆಯ ಮಾತಲ್ಲಿ ಆ ಉಸಿರೂ ಹೋಗಿ ‘ಆಲು’, ‘ಉಲಿ’ ಆಗಿದೆ. ಪಾಲ್, ಹಾಲು, ಆಲು ಒಂದೇ ದಾರಿ. ‘ಶುದ್ಧ ಕನ್ನಡ’ ಅಂತ ನಾವು ಬೋರ್ಡ್ ಹಾಕಿರೋದು ನಡುವಿನ ಸ್ಟಾಪಿಗೆ. ಅದಕ್ಕೂ ಮುಂಚಿನವರು ನಮ್ಮ ‘ಹಾಲು’ ಕೇಳಿ ಮುಖ ಕಿವಿಚಿದ್ರೋ ಏನೋ.

ಇಷ್ಟೆಲ್ಲ ಹೇಳೋ ನಾನು ಏನು ಮಾಡಿದ್ದೆ ಅಂತಲೂ ಹೇಳಬೇಕು. ಹಳೇ ಕೇಳುಗರಿಗೆ ನೆನಪಿರಬಹುದು, ಹಾಲಿನ ರೇಟು ಹೇಗೆ ನಿಗದಿ ಆಗುತ್ತೆ ಅಂತ ಒಂದು ಎಪಿಸೋಡ್ ಮಾಡಿದ್ದೆ. ಮದ್ದೂರಿನ ಹತ್ತಿರದ ಒಂದು ಹಳ್ಳಿಯ ಡೈರಿ ಸೆಕ್ರೆಟರಿ ಗೆಸ್ಟ್, ಅರವತ್ತು ದಾಟಿದವರು. ಫ್ಯಾಟು, ಎಸ್‌ಎನ್‌ಎಫ್, ಬಟವಾಡೆ, ಎಲ್ಲ ಅವರಿಗೆ ಬಾಯಿಪಾಠ. ಎಪಿಸೋಡಿನ ತುಂಬ ‘ಆಲು, ಆಲು, ಆಲು’. ಹತ್ತು ನಿಮಿಷ ಕೇಳಿದೆ. ಆಮೇಲೆ ರೆಕಾರ್ಡಿಂಗ್ ನಿಲ್ಲಿಸಿ, ‘ಗೌಡ್ರೇ, ಸ್ವಲ್ಪ ಹಾಲು ಅಂತ ಹೇಳ್ತೀರಾ, ಬೆಂಗಳೂರಿನೋರೂ ಕೇಳ್ತಾರೆ’ ಅಂದೆ.

ಅವರು ‘ಆಯ್ತಪ್ಪ’ ಅಂದ್ರು. ಅಲ್ಲಿಂದ ಮುಂದೆ ಅವರ ಮಾತೇ ಕೆಟ್ಟುಹೋಯ್ತು. ಪ್ರತಿ ಪದಕ್ಕೂ ನಿಂತು ನಿಂತು, ಹ ಹುಡುಕಿ ಹುಡುಕಿ ಇಡೋಕೆ ಶುರು ಮಾಡಿದ್ರು. ಬೇಡದ ಕಡೆನೂ ಬಂತು: ರೈತರ ‘ಹಾದಾಯ’ ಅಂದ್ರು. ಉತ್ತರಗಳು ಅರ್ಧಕ್ಕರ್ಧ ಚಿಕ್ಕವಾದವು. ನಾನು ಆ ಹಾದಾಯವನ್ನೂ ಕಟ್ ಮಾಡಿ, ಮೊದಲ ಹತ್ತು ನಿಮಿಷವನ್ನೂ ಕಟ್ ಮಾಡಿ, ಅವರು ಹೇಳಿದ್ದನ್ನ ನನ್ನ ‘ಶುದ್ಧ’ ದನೀಲಿ ಸೇರಿಸಿ ಎಪಿಸೋಡ್ ಬಿಟ್ಟೆ. ಬಿಪಿಓದವರಾದ್ರೂ ಫಾರಂನಲ್ಲಿ ಬರೆದು ಸುಮ್ಮನಾಗಿದ್ರು, ನಾನು ಮನುಷ್ಯನ ದನೀನೇ ತೆಗೆದುಬಿಟ್ಟಿದ್ದೆ.

ತನ್ನವರ ಮಾತಿಗೆ ತಾನೇ ಕಡಿಮೆ ಅಂಕ ಕೊಡೋದು ನನ್ನೊಬ್ಬನ ಕಾಯಿಲೆ ಅಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಒಬ್ಬನೇ ಮನುಷ್ಯ ಇಂಗ್ಲಿಷಲ್ಲೂ ಫ್ರೆಂಚಲ್ಲೂ ಓದ್ತಾನೆ, ಕೇಳೋರಿಗೆ ಇಬ್ಬರೂ ಒಬ್ಬನೇ ಅಂತ ಗೊತ್ತಿಲ್ಲ. ಈ ದನಿಯವನು ಬುದ್ಧಿವಂತನಾ, ನಂಬಬಹುದಾ, ನೋಡೋಕೆ ಹೇಗಿರಬಹುದು ಅಂತ ಅಂಕ ಕೊಡಬೇಕು. ಇಂಗ್ಲಿಷಿನವರು ಇಂಗ್ಲಿಷ್ ದನಿಗೆ ಹೆಚ್ಚು ಕೊಟ್ರು, ಅದು ಸರಿ. ಫ್ರೆಂಚ್ ಮಾತಾಡೋರೂ ಅನೇಕ ಗುಣಗಳಲ್ಲಿ ಇಂಗ್ಲಿಷ್ ದನಿಗೇ ಹೆಚ್ಚು ಕೊಟ್ರು. ಬಿಬಿಸಿ 1941ರಲ್ಲಿ ಯಾರ್ಕ್‌ಷೈರ್‌ನ ವಿಲ್‌ಫ್ರೆಡ್ ಪಿಕಲ್ಸ್ ಅವರನ್ನ ವಾರ್ತೆ ಓದೋಕೆ ಕೂರಿಸಿದಾಗ್ಲೂ ಕೇಳುಗರಿಂದ ದೂರುಗಳು ಬಂದ್ವು. ಸುದ್ದಿ ಅಂದ್ರೆ ಒಂದೇ ಥರದ ದನೀಲಿ ಬರಬೇಕು ಅಂತ ಕಿವಿಗೆ ಅಭ್ಯಾಸ ಆಗಿತ್ತು.

‘ನಕ್ರೆ ನಗಲಿ ಬಿಡು ಗುರು, ಏನಾಗುತ್ತೆ’ ಅಂತ ನೀವು ಕೇಳಬಹುದು. ನಗು ದಾಟಿ ಹೋಗೋ ವಿಷಯ ಇದು. ಶಿಕಾಗೋ ವಿಶ್ವವಿದ್ಯಾಲಯದ ಶಿರಿ ಲೆವ್-ಆರಿ ಮತ್ತು ಬೋಆಜ್ ಕೇಸಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳುಗರಿಗೆ ಸಣ್ಣಸಣ್ಣ ಹೇಳಿಕೆ ಕೇಳಿಸಿದ್ರು. ಒಂಟೆಗಿಂತ ಜಿರಾಫೆ ನೀರಿಲ್ಲದೆ ಹೆಚ್ಚು ದಿನ ಇರಬಲ್ಲದು, ಇಂಥವು. ನಿಜ ಅನ್ಸುತ್ತಾ ಸುಳ್ಳು ಅನ್ಸುತ್ತಾ ಹೇಳಿ ಅಂತ. ಬೇರೆ ನಾಡಿನ ಉಚ್ಚಾರಣೆಯಲ್ಲಿ ಬಂದ ಹೇಳಿಕೆಯನ್ನ ಜನ ಕಡಿಮೆ ನಂಬಿದ್ರು. ಹೇಳಿಕೆಯನ್ನ ಬರೆದವರು ಬೇರೆಯವರು, ಇವರು ಬರೀ ಓದ್ತಿದ್ದಾರೆ ಅಂತ ತಿಳಿಸಿದ್ರೂ ಹಾಗೇ. ಆ ಸಂಶೋಧಕರ ವಿವರಣೆ ಹೀಗಿದೆ: ಇದು ಬರೀ ದ್ವೇಷದಿಂದ ಆಗೋದಲ್ಲ. ಅಭ್ಯಾಸ ಇಲ್ಲದ ಉಚ್ಚಾರಣೆ ಅರ್ಥ ಮಾಡ್ಕೊಳ್ಳೋಕೆ ಮಿದುಳು ಸ್ವಲ್ಪ ಹೆಚ್ಚು ಕೆಲಸ ಮಾಡಬೇಕು, ಆ ಶ್ರಮವನ್ನೇ ಅದು ‘ಈ ವಿಷಯ ಯಾಕೋ ಅನುಮಾನ’ ಅಂತ ತಪ್ಪಾಗಿ ಓದ್ಕೊಳ್ಳುತ್ತೆ. ಹೀಗಾಗುತ್ತೆ ಅಂತ ಮೊದಲೇ ಹೇಳಿದಾಗ, ಸ್ವಲ್ಪವೇ ಬೇರೆ ಥರ ಇದ್ದ ಉಚ್ಚಾರಣೆಯ ವಿಷಯದಲ್ಲಿ ಕೇಳುಗರು ತಮ್ಮನ್ನ ತಿದ್ದಿಕೊಂಡ್ರು. ತುಂಬಾ ಬೇರೆ ಇದ್ದಾಗ ಆಗಲಿಲ್ಲ.

ನೋವು ಎಲ್ಲಿದೆ ಅಂತ ಡಾಕ್ಟರಿಗೆ ಹೇಳೋರು, ಕೋರ್ಟಲ್ಲಿ ಸಾಕ್ಷಿ ಹೇಳೋರು, ಬ್ಯಾಂಕಿಗೆ ‘ಆ ಟ್ರಾನ್ಸಾಕ್ಷನ್ ನಾನು ಮಾಡಿದ್ದಲ್ಲ’ ಅನ್ನೋರು. ಇವರನ್ನೆಲ್ಲ ನಂಬೋದು ನಂಬದೇ ಇರೋದರ ಮೇಲೆ ಎಷ್ಟು ನಿಂತಿದೆ ನೋಡಿ.

ಇನ್ನೊಂದು ಇದಕ್ಕಿಂತ ವಿಚಿತ್ರ. ಅಮೆರಿಕದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ. ಒಬ್ಬ ಅಮೆರಿಕನ್ ಧ್ವನಿಯ ಒಂದೇ ರೆಕಾರ್ಡೆಡ್ ಲೆಕ್ಚರ್, ಎರಡು ಗುಂಪು ವಿದ್ಯಾರ್ಥಿಗಳು. ಒಂದು ಗುಂಪಿಗೆ ‘ಪಾಠ ಮಾಡ್ತಿರೋದು ಇವರು’ ಅಂತ ಬಿಳಿಯ ಹೆಂಗಸಿನ ಫೋಟೋ ತೋರಿಸಿದ್ರು, ಇನ್ನೊಂದಕ್ಕೆ ಏಷ್ಯಾದ ಹೆಂಗಸಿನ ಫೋಟೋ. ಏಷ್ಯಾದ ಮುಖ ನೋಡಿದವರಿಗೆ ವಿದೇಶಿ ಉಚ್ಚಾರಣೆ ‘ಕೇಳಿಸ್ತು’, ಪಾಠವೂ ಕಡಿಮೆ ಅರ್ಥ ಆಯ್ತು. ಟೇಪು ಒಂದೇ! ಅಂದ್ರೆ ನಾನು ಉಚ್ಚಾರಣೆ ಎಷ್ಟು ತಿದ್ದಿಕೊಂಡ್ರೂ, ವೀಡಿಯೋ ಕಾಲ್‌ನಲ್ಲಿ ನನ್ನ ಮುಖ, ನನ್ನ ಹೆಸರು ಕಂಡ ತಕ್ಷಣ ಕೆಲವರ ಕಿವಿಗೆ ಅದು ವಾಪಸ್ ಬಂದುಬಿಡಬಹುದು.

ಹಾಗಾದ್ರೆ ಏನೂ ತಿದ್ದಿಕೊಳ್ಳೋದು ಬೇಡ್ವಾ? ಬೇಡ ಅಂತ ನಾನು ಹೇಳಲ್ಲ, ಯಾಕಂದ್ರೆ ಇಂಟರ್‌ವ್ಯೂಗೆ ಹೋಗೋರು ನೀವು, ನಾನಲ್ಲ. ಆದ್ರೆ ಯಾವುದನ್ನ ಅನ್ನೋದು ಮುಖ್ಯ. ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ದಲ್ಲಿ ತಂದ ಪುಸ್ತಕದಲ್ಲಿ, ಬೇರೆ ಬೇರೆ ದೇಶದವರು ತಮ್ಮತಮ್ಮಲ್ಲೇ ಇಂಗ್ಲಿಷ್ ಮಾತಾಡುವಾಗ ನಿಜವಾಗ್ಲೂ ಅರ್ಥ ಕೆಡಿಸೋದು ಯಾವುದು, ಕೆಡಿಸದೇ ಇರೋದು ಯಾವುದು ಅಂತ ಬೇರ್ಪಡಿಸಿದ್ದಾರೆ. ‘ಥಿಂಕ್’, ‘ದಿಸ್’ ಪದಗಳ ಮೊದಲ ಶಬ್ದಕ್ಕೆ ನಾಲಗೆಯನ್ನ ಹಲ್ಲಿನ ನಡುವೆ ಇಡಿ ಅಂತ ಕ್ಲಾಸುಗಳಲ್ಲಿ ಗಂಟೆಗಟ್ಟಲೆ ಹಿಂಸೆ ಕೊಡ್ತಾರಲ್ಲ, ಅದು ಅವರ ಪಟ್ಟಿಯಲ್ಲಿ ಬೇಕಾದದ್ದೇ ಅಲ್ಲ. ನಮ್ಮ ತ, ದ ಸಾಕು. ಬೇಕಾದದ್ದರಲ್ಲಿ ಒಂದು ಸ್ವರದ ಉದ್ದ, ‘ಶಿಪ್’ಗೂ ‘ಶೀಪ್’ಗೂ ಇರೋ ಅಂತರ. ಹ್ರಸ್ವ-ದೀರ್ಘ ಕಾಗುಣಿತದಲ್ಲೇ ಕಲಿತಿರೋ ನಮಗೆ ಅದು ಫ್ರೀ. ಇನ್ನೊಂದು, ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು ಬೀಳಬೇಕು ಅನ್ನೋದು. ಇದರಲ್ಲಿ ನಾವು ವೀಕು. ಎಲ್ಲ ಪದಕ್ಕೂ ಸಮಾನ ಅವಕಾಶ ಕೊಟ್ಟು ರೈಲಿನ ಹಾಗೆ ಓಡ್ತೀವಿ.

ಮೂರನೇದು ನನಗೆ ಗೊತ್ತೇ ಇರಲಿಲ್ಲ. ಇಂಗ್ಲಿಷರು ಪದದ ಮೊದಲಿನ ಪ, ಟ, ಕ ಹೇಳುವಾಗ ಜೊತೆಗೆ ಒಂದು ಉಸಿರು ಬಿಡ್ತಾರೆ, ನಮ್ಮ ಮಹಾಪ್ರಾಣದ ಹಾಗೆ. ನಾವು ಬಿಡಲ್ಲ. ಅದಕ್ಕೇ ನಮ್ಮ ‘ಪಿನ್’ ಅವರಿಗೆ ಕೆಲವೊಮ್ಮೆ ‘ಬಿನ್’ ಅಂತ ಕೇಳಿಸೋದು. ವರ್ಣಮಾಲೆಯಲ್ಲಿ ಮಹಾಪ್ರಾಣ ಸಾಲುಸಾಲು ಇಟ್ಕೊಂಡು ಅದನ್ನ ಬೇಕಾದ ಜಾಗದಲ್ಲಿ ಬಳಸಲ್ಲ ನಾವು. ಬಾಯಿ ಮುಂದೆ ಒಂದು ತೆಳು ಕಾಗದ ಹಿಡಿದು ‘ಪಿನ್’ ಅನ್ನಿ. ಕಾಗದ ಅಲುಗಿದ್ರೆ ಸರಿ. ಹತ್ತು ನಿಮಿಷದ ಕೆಲಸ, ದುಡ್ಡು ಕೊಟ್ಟು ಕೋರ್ಸ್ ಸೇರೋದೇನೂ ಬೇಡ.

ಕಾಲ್ ಸೆಂಟರ್‌ಗಳಿಗೆ ಈಗ ಉಚ್ಚಾರಣೆ ಬದಲಿಸೋ ಸಾಫ್ಟ್‌ವೇರ್ ಬಂದಿದೆ. ಏಜೆಂಟ್ ತನ್ನ ಇಂಗ್ಲಿಷಲ್ಲೇ ಮಾತಾಡ್ತಾನೆ, ಆ ಕಡೆಯ ಗಿರಾಕಿಗೆ ಅಮೆರಿಕನ್ ಇಂಗ್ಲಿಷ್ ತಲುಪುತ್ತೆ. ಬೈಗುಳ ತಿಂದು ತಿಂದು ಸಾಕಾದವರಿಗೆ ಇದು ಆರಾಮ ಅನ್ನಿಸಬಹುದು, ನಾನು ತಪ್ಪು ಹೇಳಲ್ಲ. ಆದ್ರೆ ನಾನು ಎಡಿಟಿಂಗ್ ಟೇಬಲ್ ಮೇಲೆ ಕೈಯಲ್ಲಿ ಮಾಡಿದ್ದನ್ನೇ ಅದು ಕ್ಷಣಾರ್ಧದಲ್ಲಿ ಮಾಡ್ತಿದೆ.

ಹಾಲಿನ ಎಪಿಸೋಡಿನ ಮೂಲ ರೆಕಾರ್ಡಿಂಗ್ ಹಾರ್ಡ್‌ಡಿಸ್ಕಲ್ಲಿ ಹಾಗೇ ಇತ್ತು. ಹೋದ ವಾರ ಅವರಿಗೆ ಫೋನ್ ಮಾಡಿ, ‘ಗೌಡ್ರೇ, ಅವತ್ತು ನೀವು ಮೊದಲು ಮಾತಾಡಿದ್ದನ್ನ ಹಾಗೇ ಹಾಕಲಾ?’ ಅಂತ ಕೇಳಿದೆ.

‘ಯಾಕಪ್ಪಾ, ಅವತ್ತು ಬ್ಯಾಡ ಅಂದೆ, ಇವತ್ತು ಬೇಕು ಅಂತೀಯ?’ ಅಂದ್ರು. ಯಾಕೆ ಅಂತ ಹೇಳಿದೆ, ಇಂಟರ್‌ವ್ಯೂ ಕತೆ ಸಮೇತ. ಸ್ವಲ್ಪ ಹೊತ್ತು ಸುಮ್ಮನಿದ್ರು.

‘ಆಕು, ಅದುಕ್ಕೇನಂತೆ. ಆದ್ರೆ ಅದ್ರಲ್ಲಿ ಎಸ್‌ಎನ್‌ಎಫ್ ಲೆಕ್ಕ ಒಂದ್ ಕಡೆ ತಪ್ಪೇಳಿವ್ನಿ ಕಣಪ್ಪ, ಅದುನ್ ಮಾತ್ರ ತಗ್ದಾಕು.’

ಆ ಲೆಕ್ಕ ಮಾತ್ರ ತೆಗೆದಿದ್ದೀನಿ. ಪೂರ್ತಿ ಎಪಿಸೋಡ್ ಇವತ್ತು ಸಂಜೆಯಿಂದ ಫೀಡಲ್ಲಿ ಇರುತ್ತೆ, 47 ನಿಮಿಷ.